ಅಮ್ಮನ ತಲೆಯಲ್ಲಿರುವ ಲೆಕ್ಕ ಗೋಡೆಗೆ ಬರಬೇಕು: ಕಾಯಿಲೆಯಿರುವ ಅನಾಥ ಮಕ್ಕಳ ಮನೆ ನಡೆಸುವ ಬಗೆ

[ದೃಶ್ಯ: ಮೇಜಿನ ಮೇಲೆ ಎರಡು ಸಿರಪ್ ಬಾಟಲಿ, ಒಂದು ಸ್ಟೀಲ್ ಚಮಚ, ಸೂಜಿಯಿಲ್ಲದ ಒಂದು ಸಿರಿಂಜ್]

ಎರಡೂ ಫಿಟ್ಸ್‌ಗೆ ಕೊಡುವ ಔಷಧ. ಎಡಗಡೆಯದ್ದು ವಾಲ್ಪ್ರೊಯೇಟ್, 5 ಎಂಎಲ್‌ನಲ್ಲಿ 200 ಮಿಲಿಗ್ರಾಂ. ಬಲಗಡೆಯದ್ದು ಲೆವೆಟಿರಾಸಿಟಮ್, 1 ಎಂಎಲ್‌ನಲ್ಲೇ 100 ಮಿಲಿಗ್ರಾಂ. ಎರಡರಿಂದಲೂ 2 ಎಂಎಲ್ ಎಳೆಯಿರಿ: ಒಂದರಲ್ಲಿ ಬಂದದ್ದು 80 ಮಿಲಿಗ್ರಾಂ, ಇನ್ನೊಂದರಲ್ಲಿ 200. ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ.

ಮನೆಯಲ್ಲಿ ಇದನ್ನು ತಾಯಿಯೊಬ್ಬಳೇ ಕೊಡುತ್ತಾಳೆ. ಯಾವ ಬಾಟಲಿ, ಎಷ್ಟು, ಊಟಕ್ಕೆ ಮೊದಲೋ ಆಮೇಲೋ ಎಲ್ಲವೂ ಅವಳ ತಲೆಯಲ್ಲಿದೆ. ಎಂಟು ಮಕ್ಕಳನ್ನು ಹತ್ತು ಮಂದಿ ಪಾಳಿಯಲ್ಲಿ ನೋಡಿಕೊಳ್ಳುವ ಕಡೆ ಆ ಒಂದು ತಲೆ ಇರುವುದಿಲ್ಲ. ಅಪಾಯ ಬರುವುದು ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ. ಆ ದಾಟುವಿಕೆಯನ್ನು ಹೇಗೆ ಭದ್ರ ಮಾಡುವುದು ಎನ್ನುವುದೇ ಇವತ್ತಿನ ವಿಷಯ.

[ದೃಶ್ಯ: ಕಾಸರಗೋಡಿನ ನಕಾಶೆ, ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ ಒಂದೊಂದಾಗಿ ಬೆಳಗುತ್ತವೆ]

ನಮ್ಮ ಕಾಸರಗೋಡಿನಲ್ಲಿ ಈ ಪ್ರಶ್ನೆಗೆ ಬೇರೆಯೇ ಭಾರವಿದೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ, ಹಾಸಿಗೆ ಬಿಟ್ಟು ಏಳಲಾರದ ಮಕ್ಕಳನ್ನು ವಯಸ್ಸಾದ ತಂದೆ ತಾಯಿ ಎತ್ತಿ ಆಡಿಸುತ್ತಿದ್ದಾರೆ. "ನಮ್ಮ ನಂತರ ಇವರಿಗೆ ಯಾರು?" ಎಂದು ಆ ಮನೆಗಳಲ್ಲಿ ದಿನವೂ ಕೇಳಿಕೊಳ್ಳುತ್ತಾರೆ. ಅದಕ್ಕೆ ಉತ್ತರವಾಗಿ ಮನೆ ಕಟ್ಟಲು ಹೊರಡುವವರು ಒಳ್ಳೆಯವರೇ. ಒಳ್ಳೆಯತನದ ಜೊತೆ ಬೇಕಾದ ಇನ್ನಷ್ಟನ್ನು ನೋಡೋಣ.

ಮೊದಲು ಕಾನೂನು, ಬೇಗ ಮುಗಿಸುತ್ತೇವೆ. 18 ತುಂಬದ ಅನಾಥ ಮಗುವನ್ನು ಯಾರೋ ತಂದು ಬಿಟ್ಟರು ಎಂದು ನೀವು ಇಟ್ಟುಕೊಳ್ಳುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಸಂಸ್ಥೆಯ ನೋಂದಣಿ ಕಡ್ಡಾಯ. ಅದರ ಅವಧಿ 5 ವರ್ಷ. ನೋಂದಣಿಯಿಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಟ್ರಸ್ಟ್ ನೋಂದಣಿ ಆಗಿದೆ ಎಂದರೆ ಇದು ಆದಂತೆ ಅಲ್ಲ. ಅದು ಬೇರೆ, ಇದು ಬೇರೆ. ಮಗುವನ್ನು ಒಂದು ಕುಟುಂಬ ತನ್ನ ಮನೆಯಲ್ಲೇ ಸಾಕುವ ಫಾಸ್ಟರ್ ಕೇರ್ ಇನ್ನೊಂದು ದಾರಿ. ಅದಕ್ಕೂ ಸಮಿತಿಯ ಆದೇಶ ಬೇಕು. ಒಂದೆರಡು ಮಕ್ಕಳನ್ನು ಮಾತ್ರ ನೋಡಿಕೊಳ್ಳುವ ಶಕ್ತಿ ಇದ್ದರೆ ಸಂಸ್ಥೆ ಕಟ್ಟುವ ಬದಲು ಇದನ್ನೇ ಯೋಚಿಸಿ ಎಂಬುದು ನಮ್ಮ ಅಭಿಪ್ರಾಯ.

ಕಾಸರಗೋಡು ಭಾಷಾ ಅಲ್ಪಸಂಖ್ಯಾತ ಪ್ರದೇಶವಾದ್ದರಿಂದ ಇಲ್ಲಿನ ಸ್ಥಳೀಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕು ನಮಗಿದೆ, ಬಳಸಿಕೊಳ್ಳಿ. ಆದರೆ ಮಗುವಿನ ವೈದ್ಯಕೀಯ ಸಾರಾಂಶದ ಒಂದು ಹಾಳೆ ಇಂಗ್ಲಿಷಿನಲ್ಲೂ ಇರಲಿ. ರಾತ್ರಿ ಹನ್ನೆರಡಕ್ಕೆ ಕ್ಯಾಶುವಾಲ್ಟಿಯಲ್ಲಿರುವ ಡಾಕ್ಟರು ಕನ್ನಡ ಓದುವವರೇ ಆಗಿರಬೇಕೆಂದಿಲ್ಲ.

[ದೃಶ್ಯ: ಗೋಡೆಗೆ ಅಂಟಿಸಿದ ಔಷಧ ಪಟ್ಟಿ, ಹತ್ತಿರದಿಂದ]

ಈಗ ಔಷಧ ಪಟ್ಟಿ. ಮಗುವಿನ ಫೋಟೊ, ತೂಕ, ತೂಕ ನೋಡಿದ ದಿನಾಂಕ, ಯಾವುದಕ್ಕೆ ಅಲರ್ಜಿ. ಅದರ ಕೆಳಗೆ ಪ್ರತಿ ಔಷಧಕ್ಕೂ ಒಂದು ಸಾಲು: ಹೆಸರು, ಬಾಟಲಿಯ ಮೇಲಿರುವ ಸಾಮರ್ಥ್ಯ, ಮಿಲಿಗ್ರಾಂ ಎಷ್ಟು, ಎಂಎಲ್ ಎಷ್ಟು, ಹೊತ್ತು. ಮಿಲಿಗ್ರಾಂ ಮತ್ತು ಎಂಎಲ್ ಎರಡೂ ಯಾಕೆಂದರೆ, ಮೆಡಿಕಲ್‌ನವರು ಮುಂದಿನ ಸಲ ಬೇರೆ ಕಂಪನಿಯ, ಬೇರೆ ಸಾಮರ್ಥ್ಯದ ಬಾಟಲಿ ಕೊಟ್ಟಾಗ ತಪ್ಪು ಸಿಕ್ಕಿಬೀಳುವುದು ಅಲ್ಲೇ. ಆಯಾಗಳಿಗೆ ಓದಲು ಬರುವ ಭಾಷೆಯಲ್ಲೇ ಬರೆಯಿರಿ. ಮಾತು ತುಳುವಾದರೂ ಓದುವುದು ಕನ್ನಡವೋ ಮಲಯಾಳವೋ ಎಂದು ಮೊದಲೇ ಕೇಳಿಕೊಳ್ಳಿ.

ಅಡುಗೆಮನೆಯ ಚಮಚ ಈ ಕೋಣೆಗೆ ಬರಲೇಬಾರದು. ಒಂದೊಂದು ಚಮಚದ ಆಳ ಒಂದೊಂದು. ಸಿರಿಂಜ್‌ನಲ್ಲೇ ಅಳೆಯಿರಿ, ಮಗುವಿಗೊಂದು ಸಿರಿಂಜ್, ಹೆಸರು ಬರೆದ ಡಬ್ಬಿ. ಸಸ್ಪೆನ್ಶನ್, ಅಂದರೆ ಔಷಧದ ಪುಡಿ ಕರಗದೆ ತೇಲುವ ಸಿರಪ್ ಇರುವ ಬಾಟಲಿಯನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು. ಫಿಟ್ಸ್‌ಗೇ ಕೊಡುವ ಫೆನಿಟಾಯಿನ್ ತಳಕ್ಕೆ ಕೂರುತ್ತದೆ; ಕುಲುಕದೆ ಕೊಟ್ಟರೆ ಮೊದಲ ವಾರ ಮಗುವಿಗೆ ಹೋಗುವುದು ಬರೀ ನೀರು ನೀರು, ಫಿಟ್ಸ್ ಬರುತ್ತದೆ. ಬಾಟಲಿಯ ಕೊನೆಗೆ ಬಂದಾಗ ಮಂದವಾದದ್ದು ಹೋಗಿ ಮಗು ತೂಗಾಡುತ್ತದೆ, ಕಣ್ಣು ಅದುರುತ್ತದೆ. ಒಂದೇ ಬಾಟಲಿಯಿಂದ ಎರಡೂ ತೊಂದರೆ. ಹೆಸರಿನ ಕೊನೆಯಲ್ಲಿ 'ಸಿಆರ್', 'ಎಸ್ಆರ್' ಎಂದಿರುವ ಮಾತ್ರೆಗಳನ್ನು ಪುಡಿ ಮಾಡಬೇಡಿ. ಇಡೀ ದಿನ ನಿಧಾನವಾಗಿ ಬಿಡಬೇಕಾದ ಔಷಧ ಒಂದೇ ಸಲಕ್ಕೆ ಮೈಗೆ ಸೇರುತ್ತದೆ.

ಔಷಧ ಕೊಟ್ಟ ಮೇಲೆ ಸಹಿ. ಮೊದಲೇ ಸಹಿ ಹಾಕಿಡುವ ಅಭ್ಯಾಸ ಕಂಡರೆ ಅವತ್ತೇ ನಿಲ್ಲಿಸಿ. ಮಗು ವಾಂತಿ ಮಾಡಿದರೆ ಹೊತ್ತು ಬರೆದು ನರ್ಸನ್ನು ಕೇಳಬೇಕು, ತಾನಾಗಿ ಇನ್ನೊಮ್ಮೆ ಕೊಡಬಾರದು.

ಫಿಟ್ಸ್ ಔಷಧ ಒಮ್ಮೆಲೆ ನಿಂತರೆ ನಿಲ್ಲದ ಫಿಟ್ಸ್ ಶುರುವಾಗಬಹುದು. ಹಾಗಾಗಿ 30 ದಿನದ ಔಷಧ ಯಾವಾಗಲೂ ಕಪಾಟಿನಲ್ಲಿರಲಿ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಪಟ್ಟ ಪಾಡು ಈ ಜಿಲ್ಲೆಗೆ ಮರೆತಿಲ್ಲ. ಅದಕ್ಕಾಗಿಯೇ ಗಡಿಯಾಚೆ ಒಂದು, ಈಚೆ ಒಂದು, ಎರಡೂ ಕಡೆ ಮಗುವಿನ ಫೈಲ್ ಇರುವ ಆಸ್ಪತ್ರೆ ಬೇಕು. ಹೊರರಾಜ್ಯಕ್ಕೆ ಕರೆದೊಯ್ಯಲು ಮತ್ತು ಆಪರೇಷನ್‌ಗೆ ಒಪ್ಪಿಗೆ ಯಾರು ಕೊಡಬೇಕು ಎಂಬುದನ್ನು ಸಮಿತಿಯಿಂದ ಲಿಖಿತವಾಗಿ ಪಡೆದಿಡಿ. ಸಂಸ್ಥೆಯವರು ಮಗುವನ್ನು ಸಾಕುತ್ತಾರೆಂದ ಮಾತ್ರಕ್ಕೆ ಒಪ್ಪಿಗೆಯ ಸಹಿ ಅವರದ್ದಾಗುವುದಿಲ್ಲ. ಇದು ಗೊತ್ತಾಗುವುದು ಸಾಮಾನ್ಯವಾಗಿ ಆಪರೇಷನ್ ಥಿಯೇಟರ್‌ನ ಬಾಗಿಲಲ್ಲಿ.

[ದೃಶ್ಯ: ಒಂದು ಬಟ್ಟಲು ಕುಚ್ಚಿಲಕ್ಕಿ ಗಂಜಿ. ಚಮಚ ಎತ್ತಿದಾಗ ತಿಳಿ ಸುರಿಯುತ್ತದೆ, ಅನ್ನ ಉಳಿಯುತ್ತದೆ]

ಊಟದ ಮಾತಿಗೆ ಸ್ವಲ್ಪ ಹೊತ್ತು ಕೊಡಬೇಕು. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಸಿಗದ ಸ್ಥಿತಿ ಇರುವ ಮಗುವಿಗೆ ನಾವು ಪ್ರೀತಿಯಿಂದ ಕೊಡುವ ಗಂಜಿಯೇ ಅತಿ ಕಷ್ಟದ ಆಹಾರ. ಈ ಚಮಚ ನೋಡಿ. ತಿಳಿ ತಕ್ಷಣ ಗಂಟಲಿಗೆ ಓಡುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಸಂಭಾಳಿಸಲು ಆ ನಾಲಿಗೆಗೆ ಆಗುವುದಿಲ್ಲ, ತಿಳಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೆಮ್ಮು ಬಂದರೆ ಅದೃಷ್ಟ. ಎಷ್ಟೋ ಮಕ್ಕಳು ಕೆಮ್ಮುವುದೂ ಇಲ್ಲ. ಊಟವಾದ ಮೇಲೆ ದನಿ ಒದ್ದೆಯಾಗಿ ಗೊರಗೊರ ಎಂದರೆ, ಪದೇ ಪದೇ ನ್ಯುಮೋನಿಯಾ ಆದರೆ, ಅನುಮಾನಿಸಿ. ಗಂಜಿಯನ್ನು ತಿಳಿಸಮೇತ ನುಣ್ಣಗೆ ರುಬ್ಬಿ ಒಂದೇ ಹದಕ್ಕೆ ತನ್ನಿ. ರಾಗಿ ಮಣ್ಣಿ ಇದಕ್ಕೆ ಒಳ್ಳೆಯದು. ಹದ ಎಷ್ಟು ಮಂದವಿರಬೇಕು ಎಂಬುದನ್ನು ಸ್ಪೀಚ್ ಥೆರಪಿಸ್ಟ್ ಮಗು ನೋಡಿಯೇ ಹೇಳಬೇಕು.

ಮಲಗಿಸಿ, ಕತ್ತು ಹಿಂದಕ್ಕೆ ಚಾಚಿ ಬಾಯಿಗೆ ಹೊಯ್ಯುವುದು ನಮ್ಮ ಮನೆಗಳ ಹಳೇ ರೂಢಿ. ಇಲ್ಲಿ ಅದು ಜೀವಕ್ಕೆ ಅಪಾಯ. ಬೆನ್ನು ನೆಟ್ಟಗೆ, ಗಲ್ಲ ತುಸು ಎದೆಯ ಕಡೆ, ನಿಮ್ಮ ಕಣ್ಣು ಮಗುವಿನ ಕಣ್ಣಿನ ಮಟ್ಟದಲ್ಲಿ. ನೀವು ನಿಂತು ಉಣಿಸಿದರೆ ಮಗು ತಲೆ ಎತ್ತಿ ನೋಡುತ್ತದೆ, ಕತ್ತು ಮತ್ತೆ ಹಿಂದಕ್ಕೆ. ಊಟದ ನಂತರ ಅರ್ಧ ಗಂಟೆ ಹಾಗೇ ಕೂರಿಸಿ. ಒಂದು ಊಟಕ್ಕೆ 30 ನಿಮಿಷ ಹಿಡಿಯುತ್ತದೆ. ನಾಲ್ಕು ಮಕ್ಕಳಿಗೆ ಒಬ್ಬರೇ ಆದರೆ ನಾಲ್ಕನೆಯ ಮಗುವಿನ ಹೊತ್ತಿಗೆ ಅವಸರ ಬಂದೇ ಬರುತ್ತದೆ.

ಮೂಗಿನ ಟ್ಯೂಬಿನಲ್ಲಿ ಊಟ ಹೋಗುವ ಮಗುವಾದರೆ, ಪ್ರತಿ ಸಲ ಮೊದಲು ಮೂಗಿನ ಹತ್ತಿರದ ಗುರುತು ಜಾಗದಲ್ಲೇ ಇದೆಯೇ ನೋಡಿ. ಸಿರಿಂಜ್‌ನಿಂದ ಸ್ವಲ್ಪ ರಸ ಎಳೆದು ಆಮ್ಲ ಎಷ್ಟಿದೆ ಎಂದು ತೋರಿಸುವ ಪಿಹೆಚ್ ಕಾಗದಕ್ಕೆ ಮುಟ್ಟಿಸಿ, 5.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಅಂದರೆ ಬಂದದ್ದು ಹೊಟ್ಟೆಯ ರಸವೇ ಆಗಿದ್ದರೆ, ಮಾತ್ರ ಮುಂದುವರಿಯಿರಿ. ಅನುಮಾನ ಇದ್ದರೆ ಒಂದು ಹನಿಯೂ ಬೇಡ. ಊಟವನ್ನು ಒತ್ತಿ ತಳ್ಳಬೇಡಿ, ಸಿರಿಂಜ್ ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಿ. ಕೊನೆಗೆ ಡಾಕ್ಟರು ಹೇಳಿದಷ್ಟು ಕುಡಿಯುವ ನೀರು ಬಿಟ್ಟು ಟ್ಯೂಬ್ ತೊಳೆಯಿರಿ. ಬಾಯಿಗೆ ಒಳ್ಳೆಯದಾದ ರಾಗಿ ಮಣ್ಣಿ ಇಲ್ಲಿ ಕೆಟ್ಟದ್ದು: ಆರುತ್ತಾ ಗಟ್ಟಿಯಾಗಿ ಟ್ಯೂಬ್ ಕಟ್ಟಿಬಿಡುತ್ತದೆ. ತೆಳ್ಳಗೆ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿ. ಮಾಡಿ ಎರಡು ಗಂಟೆ ಹೊರಗಿದ್ದದ್ದನ್ನು ಚೆಲ್ಲಿ.

[ದೃಶ್ಯ: ರಾತ್ರಿ, ಮಳೆಯ ಸದ್ದು, ಕರೆಂಟ್ ಹೋಗುತ್ತದೆ]

ಜೂನ್ ತಿಂಗಳ ರಾತ್ರಿ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ, ಆಕ್ಸಿಜನ್ ಕಾನ್ಸನ್‌ಟ್ರೇಟರ್, ನಿಂತಿತು. 5 ಲೀಟರಿನ ಯಂತ್ರ ಸುಮಾರು 350 ವಾಟ್ ತಿನ್ನುತ್ತದೆ. 150 ಎಎಚ್‌ನ ಒಂದು ಹೊಸ ಇನ್ವರ್ಟರ್ ಬ್ಯಾಟರಿಯಲ್ಲಿ ಹೆಚ್ಚೆಂದರೆ ಮೂರು ಗಂಟೆ. ನಮ್ಮ ಕಡೆ ಮರ ಬಿದ್ದು ಹೋದ ಕರೆಂಟ್ ಮೂರು ಗಂಟೆಯಲ್ಲಿ ಬರುವುದಿಲ್ಲ. ಆದ್ದರಿಂದ ಸಿಲಿಂಡರ್ ಬೇಕೇ ಬೇಕು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ಮಗುವಿಗೆ ನಿಮಿಷಕ್ಕೆ ಒಂದು ಲೀಟರ್ ಬೇಕಿದ್ದರೆ 25 ಗಂಟೆ, ಎರಡು ಲೀಟರ್ ಆದರೆ ಹನ್ನೆರಡೂವರೆ. ರೆಗ್ಯುಲೇಟರ್ ಮತ್ತು ಕೀ ಸಿಲಿಂಡರಿಗೇ ಕಟ್ಟಿರಲಿ, ಕತ್ತಲಲ್ಲಿ ಹುಡುಕುವಂತಾಗಬಾರದು. ಕಫ ಎಳೆಯುವ ಯಂತ್ರಕ್ಕೆ ಕಾಲಲ್ಲಿ ತುಳಿಯುವ ಪಂಪ್ ಜೊತೆಗಿರಲಿ.

ಇನ್ಸುಲಿನ್ ಫ್ರಿಜ್‌ನ ಮಧ್ಯದ ತಟ್ಟೆಯಲ್ಲಿ. ಫ್ರೀಜರ್ ಗೋಡೆಗೆ ತಾಗಿ ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು.

ಫಿಟ್ಸ್ ಬಂದ ಮಗುವನ್ನು ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಕೈಗೆ ಬೀಗದ ಕೀ ಬೇಡ, ಬಾಯಿಗೆ ಚಮಚ ಬೇಡ. 5 ನಿಮಿಷವಾದರೂ ನಿಲ್ಲದಿದ್ದರೆ ಡಾಕ್ಟರು ಬರೆದುಕೊಟ್ಟ ಮೂಗಿನ ಸ್ಪ್ರೇ, ಜೊತೆಗೇ 108ಕ್ಕೆ ಫೋನ್. ತಲೆಯಲ್ಲಿ ಶಂಟ್, ಅಂದರೆ ಮಿದುಳಿನಲ್ಲಿ ತುಂಬುವ ನೀರನ್ನು ಇಳಿಸುವ ನಳಿಕೆ, ಇರುವ ಮಗು ವಾಂತಿ ಮಾಡುತ್ತಾ ತೂಕಡಿಸಿದರೆ ಅದನ್ನು ಹೊಟ್ಟೆಯ ತೊಂದರೆ ಎಂದುಕೊಂಡು ಬೆಳಗಿನವರೆಗೆ ಕಾಯಬೇಡಿ. ಶಂಟ್ ಕಟ್ಟಿರಬಹುದು, ಆಗಲೇ ಹೊರಡಿ.

ಇಷ್ಟಕ್ಕೆ ಜನ ಎಷ್ಟು? ಎಲ್ಲದಕ್ಕೂ ಇನ್ನೊಬ್ಬರ ಕೈ ಬೇಕಾದ ಎಂಟು ಮಕ್ಕಳಿಗೆ ಹಗಲಿನ ಎರಡು ಪಾಳಿಗೆ ಮೂರು ಮೂರು ಮಂದಿ, ರಾತ್ರಿ ಎಚ್ಚರವಿರುವವರು ಇಬ್ಬರು. ದಿನಕ್ಕೆ 8 ಪಾಳಿ, ವಾರಕ್ಕೆ 56. ಒಬ್ಬರು ವಾರದಲ್ಲಿ 6 ದಿನ ಬರುತ್ತಾರೆ. ರಜೆ ಸೇರಿಸಿದರೆ ಹತ್ತು ಮಂದಿ ಬೇಕು. ರಾತ್ರಿಗೂ ಇಬ್ಬರು ಯಾಕೆಂದರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಆಗುತ್ತದೆ, ದೊಡ್ಡ ಮಗುವನ್ನು ಒಬ್ಬರೇ ಹೊರಳಿಸಿದರೆ ಚರ್ಮ ಎಳೆದು ಗಾಯವಾಗುತ್ತದೆ. ಈ ಹತ್ತು ಸಂಬಳ ಖಾತ್ರಿಯಾಗದೆ ಒಂಬತ್ತನೆಯ ಮಗುವಿಗೆ ಹೂಂ ಎನ್ನಬೇಡಿ. ಇಲ್ಲ ಎನ್ನುವಾಗ ಕರುಳು ಹಿಂಡುತ್ತದೆ, ಆದರೂ.

ದಾನಿಗಳು ಅಕ್ಕಿ, ಬಟ್ಟೆ ತರುತ್ತಾರೆ, ಸಂಬಳ ಕೊಡಿ ಎಂದರೆ ಹಿಂಜರಿಯುತ್ತಾರೆ. ಹಾಗೆಂದು ಕೇಳದೆ ಇರಬೇಡಿ: "ಒಂದು ತಿಂಗಳ ರಾತ್ರಿ ಪಾಳಿ ನಿಮ್ಮದು" ಎಂದು ನಿರ್ದಿಷ್ಟವಾಗಿ ಕೇಳಿ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ದಾನಿಗಳಿಗೆ ಆದಾಯ ತೆರಿಗೆಯ ವಿನಾಯಿತಿ ಸಿಗದು, ಬ್ಯಾಂಕ್ ಮೂಲಕವೇ ಬರಲಿ. ಮನೆಯಲ್ಲಿ ಉಳಿದ ಅರ್ಧ ಬಾಟಲಿ ಔಷಧ ಸ್ವೀಕರಿಸಬೇಡಿ. ಹುಟ್ಟುಹಬ್ಬಕ್ಕೆ ಬಂದವರು ಮಕ್ಕಳ ಜೊತೆ ಫೋಟೊ ತೆಗೆದು ಎಲ್ಲರಿಗೂ ಕಾಣುವಂತೆ ಹಂಚಿದರೆ ಅದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ, ಗೇಟಿನಲ್ಲೇ ಹೇಳಿ. ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಕಲತೆ ಇರುವ ಮಕ್ಕಳಿಗೆ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಬರುತ್ತದೆ. ಬಿಲ್ಲುಗಳನ್ನು ಮಗುವಿನ ಹೆಸರಲ್ಲಿ ಬೇರೆ ಬೇರೆ ಇಡದಿದ್ದರೆ ಆ ಹಣ ಕೈಬಿಟ್ಟಂತೆಯೇ.

[ದೃಶ್ಯ: ಬಾಗಿಲ ಬಳಿ ಒಂದು ಚೀಲ, ಅದರೊಳಗೆ ಫೈಲ್, ಸಿರಿಂಜ್ ಡಬ್ಬಿ, ಚಿಕ್ಕ ದಿಂಬು]

ಮಗು ದತ್ತು ಹೋಗುವಾಗ, ಅಥವಾ ಫಾಸ್ಟರ್ ಕುಟುಂಬಕ್ಕೆ ಹೋಗುವಾಗ, ಎಲ್ಲಕ್ಕಿಂತ ದೊಡ್ಡ ದಾಟುವಿಕೆ ಅದು. ಹೊಸ ಅಪ್ಪ ಅಮ್ಮ ಮೊದಲೇ ಮೂರು ದಿನ ಬಂದು ಇಲ್ಲೇ ಇರಲಿ. ಮೊದಲ ದಿನ ನೋಡಲಿ, ಎರಡನೆಯ ದಿನ ಆಯಾ ಪಕ್ಕದಲ್ಲಿರುವಾಗ ಉಣಿಸಲಿ, ಮೂರನೆಯ ದಿನ ರಾತ್ರಿ ಪಾಳಿಯೂ ಸೇರಿ ಅವರೇ ಮಾಡಲಿ. ಮಗು ಉಣ್ಣುವ ಚಪ್ಪಟೆ ಚಮಚ, ಮಗ್ಗುಲಿಗೆ ಒತ್ತು ಕೊಡುವ ದಿಂಬು ಜೊತೆಗೇ ಹೋಗಲಿ. ಔಷಧ 30 ದಿನದ್ದು ಕಟ್ಟಿಕೊಡಿ, ಖಾಲಿಯಾದ ಹಳೆಯ ಬಾಟಲಿಯನ್ನೂ ಚೀಲಕ್ಕೆ ಹಾಕಿ: ಹೊಸ ಊರಿನ ಮೆಡಿಕಲ್‌ನಲ್ಲಿ ಅದನ್ನೇ ಮುಂದಿಟ್ಟು "ಇದೇ ಬೇಕು, ಇದೇ ಸಾಮರ್ಥ್ಯದ್ದು" ಎಂದು ಕೇಳಲಿ.