ಆಟಗಾರರ ಪರಿಷತ್ತು ಮತ್ತು ಒತ್ತಕ್ಷರದ ತಕರಾರು

ಅಧ್ಯಕ್ಷರೇ, ಯುವಕ ಸಂಘದ ಗೆಳೆಯರೇ, ಮೊಬೈಲ್ ಗೇಮಿನ ಬಗ್ಗೆಯೂ ಉಪನ್ಯಾಸವೇ ಎಂದು ಹುಬ್ಬೇರಿಸಿಕೊಂಡೇ ಬಂದು ಕುಳಿತ ಹಿರಿಯರೇ,

ಮನವಿ ಎಂದರೇನೆಂದು ಕಾಸರಗೋಡಿನ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಬರೆಯುತ್ತಲೇ ಇದ್ದೇವೆ. ಬರೆದು, ಸಹಿ ಹಾಕಿಸಿ, ಕೊಟ್ಟು, ಫೋಟೋ ತೆಗೆಸಿಕೊಂಡು ಮನೆಗೆ ಬರುತ್ತೇವೆ. ಆಡುವವರ ಪರವಾಗಿ ಗೇಮ್ ಕಂಪನಿಯ ಮುಂದೆ ಕೂರುವ ಆಟಗಾರರ ಪರಿಷತ್ತನ್ನೂ ಅದೇ ಸಾಲಿಗೆ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಕಂಪನಿಗೆ ತನ್ನ ಕಂಪ್ಯೂಟರಿನಲ್ಲಿ ಕಾಣದ್ದನ್ನು ಕಾಣಿಸುವುದು ಪರಿಷತ್ತಿನ ಕೆಲಸ. ಯಾರು ಎಷ್ಟು ಹೊತ್ತು ಆಡಿದರು, ಎಲ್ಲಿ ಸೋತು ಬಿಟ್ಟು ಹೋದರು ಎಂಬುದು ಕಂಪನಿಗೆ ಗೊತ್ತೇ ಇರುತ್ತದೆ. ಯಾಕೆ ಬಿಟ್ಟರು ಎಂಬುದು ಗೊತ್ತಿರುವುದಿಲ್ಲ.

ಈ ಬಗೆಯ ಪರಿಷತ್ತುಗಳಲ್ಲಿ ಹೆಚ್ಚು ಹೆಸರಾದದ್ದು ಈವ್ ಆನ್‌ಲೈನ್ ಎಂಬ ಬಾಹ್ಯಾಕಾಶದ ಆಟದ್ದು. ಆಟ ಕಟ್ಟಿದ್ದು ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ. ಪರಿಷತ್ತಿನ ಹೆಸರು ಕೌನ್ಸಿಲ್ ಆಫ್ ಸ್ಟೆಲ್ಲರ್ ಮ್ಯಾನೇಜ್‌ಮೆಂಟ್. ಹುಟ್ಟಿಗೆ ಕಾರಣ ಒಂದು ಹಗರಣ. ಕಂಪನಿಯ ನೌಕರನೇ, ಆಟದ ಸಾಮಾನು ತಯಾರಿಸಲು ಬೇಕಾದ ಬೆಲೆಬಾಳುವ ನೀಲನಕ್ಷೆಗಳನ್ನು ಆಟದೊಳಗೆ ತನ್ನ ಪಾಲಿಗೆ ಮಾಡಿಕೊಂಡಿದ್ದ ಸಂಗತಿ 2007ರಲ್ಲಿ ಬಯಲಾಯಿತು. ಆಟಗಾರರ ನಂಬಿಕೆ ಕುಸಿಯಿತು. 2008ರಲ್ಲಿ ಚುನಾವಣೆ ನಡೆಸಿ 9 ಜನರನ್ನು ಆರಿಸಿ, ರೇಕ್ಯಾವಿಕ್‌ಗೆ ಕರೆಸಿ, ಆಟ ಕಟ್ಟುವವರ ಎದುರು ಕೂರಿಸಿದರು. ಮೊದಲು ಆರು ತಿಂಗಳಿದ್ದ ಅವಧಿ ಆಮೇಲೆ ಒಂದು ವರ್ಷವಾಯಿತು.

ಅದರ ತೂಕ ಗೊತ್ತಾದದ್ದು 2011ರಲ್ಲಿ. ಕಣ್ಣಿಗೆ ಸಿಕ್ಕಿಸುವ ಒಂದು ಒಂಟಿಗಾಜನ್ನು, ಅದೂ ಪರದೆಯ ಮೇಲಿನ ಚಿತ್ರವನ್ನು, ಸುಮಾರು 60 ಡಾಲರಿಗೆ ಮಾರಾಟಕ್ಕಿಟ್ಟರು. ಅದೇ ಹೊತ್ತಿಗೆ ಕಂಪನಿಯ ಒಳಪತ್ರಿಕೆ ಸೋರಿಕೆಯಾಯಿತು. ಮುಂದೆ ದುಡ್ಡಿಗೆ ಬಲವನ್ನೂ ಮಾರುತ್ತಾರೆಂದು ಆಟಗಾರರು ದಂಗೆಯೆದ್ದರು. ಆಟದೊಳಗಿನ ಸ್ಮಾರಕಕ್ಕೆ ಸಾವಿರಾರು ನೌಕೆಗಳು ಗುಂಡು ಹಾರಿಸಿದವು. ಕಂಪನಿ ಪರಿಷತ್ತನ್ನು ತುರ್ತಾಗಿ ಐಸ್‌ಲ್ಯಾಂಡಿಗೆ ಕರೆಸಿಕೊಂಡಿತು. ಅಂಗಡಿಯಲ್ಲಿ ಇರುವುದು ಅಲಂಕಾರದ ಸಾಮಾನು ಮಾತ್ರ ಎಂಬ ಭರವಸೆ ಪಡೆದು ಪರಿಷತ್ತು ಹೇಳಿಕೆ ಕೊಟ್ಟಿತು. ಅಕ್ಟೋಬರಿನಲ್ಲಿ ಕಂಪನಿಯ ಮುಖ್ಯಸ್ಥರೇ ತಪ್ಪೊಪ್ಪಿಕೊಂಡು ಪತ್ರ ಬರೆದರು. ಪರಿಷತ್ತೇ ಗೆದ್ದಿತು ಎನ್ನಲಾರೆ, ಚಂದಾ ನಿಲ್ಲಿಸಿದವರ ಪಾಲು ದೊಡ್ಡದು. ಆದರೆ ಗದ್ದಲದ ನಡುವೆ ಯಾರೊಡನೆ ಮಾತಾಡಬೇಕು ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಿತ್ತು.

ಈಗ ಚುನಾವಣೆಯ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಹೆಚ್ಚಿನ ಪರಿಷತ್ತುಗಳು ಕೆಡುವುದು ಇಲ್ಲಿಯೇ. 1,200 ಮತದಾರರು, 5 ಸ್ಥಾನ ಎಂದಿಟ್ಟುಕೊಳ್ಳಿ. 500 ಜನರ ಒಂದು ದೊಡ್ಡ ದಂಡಿದೆ. ಉಳಿದವರು 250, 230, 220ರ ಮೂರು ಗುಂಪು. ಒಬ್ಬೊಬ್ಬರಿಗೆ ಐದೈದು ಮತ ಕೊಟ್ಟರೆ ದೊಡ್ಡ ದಂಡು ತನ್ನ ಐವರಿಗೂ 500ರಂತೆ ಹಾಕಿ ಐದೂ ಸ್ಥಾನ ಗುಡಿಸಿಕೊಂಡು ಹೋಗುತ್ತದೆ. 700 ಜನರಿಗೆ ಬಾಯಿಯೇ ಇಲ್ಲ. ಅದಕ್ಕೆ ಈವ್ ಪರಿಷತ್ತು 2013ರಿಂದ ಏಕ ವರ್ಗಾವಣೀಯ ಮತ ಪದ್ಧತಿಗೆ ಬದಲಾಯಿತು. ನಮ್ಮ ಶಾಸಕರು ರಾಜ್ಯಸಭೆಗೆ ಮತ ಹಾಕುವುದೂ ಇದೇ ತತ್ವದಲ್ಲಿ: 1, 2, 3 ಎಂದು ಪ್ರಾಶಸ್ತ್ಯ ಬರೆಯುವುದು; ಗೆದ್ದವನಿಗೆ ಮಿಕ್ಕ ಮತ ಮುಂದಿನ ಪ್ರಾಶಸ್ತ್ಯದವನಿಗೆ ಹೋಗುತ್ತದೆ. ಗೆಲ್ಲಲು ಬೇಕಾದ ಮತ ಎಷ್ಟು? ಒಟ್ಟು ಮತವನ್ನು ಸ್ಥಾನಕ್ಕಿಂತ ಒಂದು ಹೆಚ್ಚಿನ ಸಂಖ್ಯೆಯಿಂದ ಭಾಗಿಸಿ ಒಂದು ಕೂಡಿಸಬೇಕು. 1,200ನ್ನು 6ರಿಂದ ಭಾಗಿಸಿದರೆ 200, ಕೂಡಿಸಿದರೆ 201. ದಂಡಿನ ನಾಯಕನಿಗೆ 500 ಬಿದ್ದರೆ 201 ಅವನಿಗೆ, ಮಿಕ್ಕ 299 ಎರಡನೆಯವನಿಗೆ. ಅವನೂ ಗೆದ್ದ ಮೇಲೆ ಉಳಿಯುವುದು 98, ಮೂರನೆಯವನಿಗೆ ಸಾಲದು. ಮೂರು ಸಣ್ಣ ಗುಂಪುಗಳಿಗೂ ಒಂದೊಂದು ಸ್ಥಾನ ಸಿಕ್ಕಿತು.

ಇದರಲ್ಲೂ ಓಟೆ ಉಂಟು. ಈವ್‌ನಲ್ಲಿ ಮತ ಇರುವುದು ಖಾತೆಗೆ, ಮನುಷ್ಯನಿಗಲ್ಲ. ದುಡ್ಡು ಕೊಟ್ಟು ಐದು ಖಾತೆ ನಡೆಸುವವನಿಗೆ ಐದು ಮತ. ದೊಡ್ಡ ದಂಡುಗಳು ಪ್ರಾಶಸ್ತ್ಯದ ಪಟ್ಟಿಯನ್ನೇ ಮುದ್ರಿಸಿದಂತೆ ಹಂಚುತ್ತವೆ. ಚುನಾವಣೆ ಎಂದ ಮೇಲೆ ತಾಳಮದ್ದಳೆಯ ಅರ್ಥಧಾರಿಯಂತೆ ಮಾತು ಬಲ್ಲವನು ಗೆಲ್ಲುವುದು, ತಿಂಗಳುಗಟ್ಟಲೆ ಕೂತು ಬಗ್, ಅಂದರೆ ಆಟದೊಳಗಿನ ದೋಷ, ಹುಡುಕುವವನು ಸೋಲುವುದು ಕೂಡ ಇದ್ದದ್ದೇ.

ಚುನಾವಣೆಯೇ ಬೇಡವೆಂದವರೂ ಇದ್ದಾರೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದವರು 2021ರ ಕೊನೆಯಲ್ಲಿ ಅರ್ಜಿ ಕರೆದು ಸುಮಾರು ನೂರು ಮಂದಿಯನ್ನು ತಾವೇ ಆರಿಸಿದರು. ಚರ್ಚೆಯನ್ನು ಎಲ್ಲರೂ ಓದಬಹುದಿತ್ತು, ಬರೆಯುತ್ತಿದ್ದದ್ದು ಆ ನೂರು ಮಂದಿ ಮತ್ತು ಕಂಪನಿಯವರು ಮಾತ್ರ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆಟದಲ್ಲಿ ಹೊಸ ಅಂಶ ಸೇರಿಸುವ ಮೊದಲು ಆಟಗಾರರ ಮತಕ್ಕೆ ಹಾಕುತ್ತಾರೆ; ಮೊದಲು 75 ಶೇಕಡಾ ಒಪ್ಪಿಗೆ ಬೇಕಿತ್ತು, ಆಮೇಲೆ 70ಕ್ಕೆ ಇಳಿಸಿದರು. ಕಂಪನಿ ಆರಿಸಿದ ನೂರು ಜನರಲ್ಲಿ ವೈವಿಧ್ಯ ಹೆಚ್ಚು, ಧೈರ್ಯ ಕಡಿಮೆ ಎಂದು ನನಗೆ ಅನ್ನಿಸುತ್ತದೆ. ಆರಿಸಿದವರ ಎದುರು ಗಟ್ಟಿ ಮಾತಾಡುವುದು ಸುಲಭವಲ್ಲ.

ಗೌಪ್ಯ ಒಪ್ಪಂದ ಇನ್ನೊಂದು ಗಂಟು. ಮುಂದಿನ ಪ್ಯಾಚ್‌ನಲ್ಲಿ, ಅಂದರೆ ಆಟಕ್ಕೆ ಮಾಡುವ ತಿದ್ದುಪಡಿಯಲ್ಲಿ, ಯಾವ ಸಾಮಾನಿನ ಬೆಲೆ ಏರುತ್ತದೆಂದು ಸದಸ್ಯನಿಗೆ ಮೊದಲೇ ಗೊತ್ತಾದರೆ ಅವನ ಗೆಳೆಯರು ಗೋದಾಮು ತುಂಬಿಸಿಕೊಳ್ಳಬಹುದು. ಹಾಗಾಗಿ ಸಹಿ ಹಾಕಿಸುತ್ತಾರೆ. ಅದರ ಫಲವಾಗಿ ಸದಸ್ಯ ಒಳಗೆ ಎಷ್ಟೇ ಜಗಳವಾಡಲಿ, ಹೊರಗೆ ಬಾಯಿ ಮುಚ್ಚಿರಬೇಕು. ಮತ ಹಾಕಿದವರು ಅವನನ್ನು ಕಂಪನಿಯ ಮನುಷ್ಯ ಎನ್ನುತ್ತಾರೆ. 2019ರಲ್ಲಿ ಗುಟ್ಟು ಹೊರಗೆ ಹಾಕಿದನೆಂದು ಈವ್ ಪರಿಷತ್ತಿನ ಸದಸ್ಯನೊಬ್ಬನನ್ನು ಹೊರಹಾಕಿದರು. ಮರುತನಿಖೆಯಲ್ಲಿ ಅವನ ತಪ್ಪಿಲ್ಲವೆಂದು ಕಂಡು ಕಂಪನಿ ಕ್ಷಮೆ ಕೇಳಬೇಕಾಯಿತು. ಇದಕ್ಕೆ ಇರುವ ಮದ್ದು ಸಭೆಯ ನಡಾವಳಿಯನ್ನು, ಗುಟ್ಟಿನ ಸಾಲುಗಳನ್ನಷ್ಟೇ ಅಳಿಸಿ, ಪ್ರಕಟಿಸುವುದು. ಏನು ಕೇಳಿದೆವು, ಏನು ಉತ್ತರ ಬಂತು, ಯಾವುದಕ್ಕೆ ಉತ್ತರವೇ ಬರಲಿಲ್ಲ ಎಂಬ ಮೂರೂ ಅದರಲ್ಲಿರಬೇಕು.

ಇನ್ನು ನಮ್ಮ ವಿಷಯ. ಪೆರ್ಲದ ಹುಡುಗನೊಬ್ಬ ಇಂಥ ಪರಿಷತ್ತಿಗೆ ಹೋದರೆ ಏನು ಒಯ್ಯಬೇಕು? "ಕನ್ನಡ ಕೊಡಿ" ಎಂಬುದು ಬೇಡಿಕೆ. ಅದಕ್ಕೆ "ಪರಿಶೀಲಿಸುತ್ತೇವೆ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹಾಗೆ ಜಾರಿಕೊಳ್ಳಲಾಗದ ಸಂಗತಿಗಳು ಬೇರೆ ಇವೆ.

ಹೆಸರಿನ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. "ಶ್ರೀಕೃಷ್ಣ" ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು 9 ಸಂಕೇತ: ಶ, ವಿರಾಮ (ಅರ್ಧಾಕ್ಷರದ ಗುರುತು), ರ, ದೀರ್ಘ ಈಕಾರದ ಗುರುತು, ಕ, ಋಕಾರದ ಗುರುತು, ಷ, ವಿರಾಮ, ಣ. ಆ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಶೇಖರಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಒಟ್ಟು 27. ಹೆಸರಿಗೆ 16 ಬೈಟ್ ಸಾಕೆಂದು ಯಾರೋ ಇಂಗ್ಲಿಷ್ ನೆನಪಿನಲ್ಲಿಟ್ಟು ಬರೆದಿದ್ದರೆ, 15ಕ್ಕೆ "ಶ್ರೀಕ" ಮುಗಿದು, 16ನೆಯ ಬೈಟ್ ಅರ್ಧಂಬರ್ಧವಾಗಿ ಪ್ರಶ್ನೆಚಿಹ್ನೆಯೋ ಚೌಕವೋ ಆಗುತ್ತದೆ. ಈ ಲೆಕ್ಕವನ್ನು ಹೀಗೆಯೇ ಬರೆದು ಕೊಟ್ಟರೆ ಎಂಜಿನಿಯರ್‌ಗೆ ಎಲ್ಲಿ ತಿದ್ದಬೇಕೆಂದು ಆಗಲೇ ತಿಳಿಯುತ್ತದೆ.

ಒತ್ತಕ್ಷರದ್ದು ಬೇರೆ ಕಾಯಿಲೆ. "ಅಮ್ಮ" ಎಂದು ಒತ್ತಿದರೆ "ಅಮ್‌ಮ" ಎಂದು ಕಂಡರೆ ಅಕ್ಷರ ಫಾಂಟಿನಲ್ಲಿ ಇದೆ, ಅಕ್ಷರ ಕೂಡಿಸುವ ಹಂತ ಇಲ್ಲ ಎಂದರ್ಥ. ಬರೀ ಚೌಕ ಕಂಡರೆ ಫಾಂಟೇ ಇಲ್ಲ. ಎರಡಕ್ಕೂ ಮದ್ದು ಬೇರೆ, ಹಾಗಾಗಿ "ಕನ್ನಡ ಸರಿ ಕಾಣುವುದಿಲ್ಲ" ಎಂಬ ದೂರು ಯಾವ ಪ್ರಯೋಜನಕ್ಕೂ ಬಾರದು. ಕನ್ನಡ, ಮಲಯಾಳ ಎರಡನ್ನೂ ಓದಬಲ್ಲ ನಮ್ಮೂರವರಿಗೆ ಇಲ್ಲಿ ಒಂದು ಅನುಕೂಲ ಇದೆ. ಮಲಯಾಳದ ಎಕಾರದ ಗುರುತು ವ್ಯಂಜನದ ಎಡಗಡೆಗೆ ಬರಬೇಕು. ಕೂಡಿಸುವ ಹಂತ ಇಲ್ಲದಿದ್ದರೆ ಬಲಗಡೆಗೆ ಬಿದ್ದಿರುತ್ತದೆ. ಎರಡೂ ಲಿಪಿಯ ಸ್ಕ್ರೀನ್‌ಶಾಟ್ ಒಟ್ಟಿಗೆ ಕಳಿಸಿದರೆ ತೊಂದರೆ ಒಂದೇ ಮೂಲದ್ದೆಂದು ತಾನಾಗಿ ಸಾಬೀತಾಗುತ್ತದೆ.

ವರದಿಯಲ್ಲಿ ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಗೇಮಿನ ಆವೃತ್ತಿ, ಗಂಟೆ ನಿಮಿಷ ಸಹಿತ ಸಮಯ ಇರಲಿ. ಹತ್ತು ಸಲ ಪ್ರಯತ್ನಿಸಿ ಎಷ್ಟು ಸಲ ಹಾಗಾಯಿತೆಂದು ಬರೆಯಿರಿ. ಹತ್ತಕ್ಕೆ ಹತ್ತಾದರೆ ಒಂದು ಬಗೆ, ಹತ್ತಕ್ಕೆ ಮೂರಾದರೆ ಹುಡುಕುವ ದಾರಿಯೇ ಬೇರೆ. ಇಪ್ಪತ್ತು ಸೆಕೆಂಡಿನ ವಿಡಿಯೋ ಸಾಕು. ಲ್ಯಾಗ್, ಅಂದರೆ ಆಟ ತಡವರಿಸುವುದರ, ಬಗ್ಗೆಯಾದರೆ ವೈಫೈಯೋ ಮೊಬೈಲ್ ಡೇಟಾವೋ ಎಂಬುದು, ಸಂದೇಶ ಕಂಪನಿಯ ಸರ್ವರ್‌ಗೆ ಹೋಗಿ ಬರುವ ಹೊತ್ತು, ಅಂದರೆ ಪಿಂಗ್, ಎಷ್ಟೆಂಬುದು ಬೇಕೇ ಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಟವರ್ ಬ್ಯಾಟರಿಯಲ್ಲಿ ನಿಂತಿರುವಾಗ ಅಳೆದ ಪಿಂಗಿಗೆ ಗೇಮ್ ಕಂಪನಿಯನ್ನು ದೂರಿದರೆ, ನಿಮ್ಮ ಮುಂದಿನ ಹತ್ತು ವರದಿಗಳಿಗೂ ಬೆಲೆ ಹೋಗುತ್ತದೆ. ಪರಿಹಾರ ಹೇಳಿಕೊಡುವ ಚಪಲವನ್ನೂ ಸ್ವಲ್ಪ ತಡೆದುಕೊಳ್ಳಿ. ಬಂದೂಕಿನ ಬಲ 10 ಶೇಕಡಾ ಇಳಿಸಿ ಎನ್ನುವುದಕ್ಕಿಂತ, ಆ ಬಂದೂಕು ಬಂದ ಮೇಲೆ ನಮ್ಮ ತಂಡದಲ್ಲಿ ಉಳಿದ ಬಂದೂಕುಗಳನ್ನು ಯಾರೂ ಎತ್ತಿಕೊಳ್ಳುತ್ತಿಲ್ಲ ಎನ್ನುವುದು ಕಂಪನಿಗೆ ಹೆಚ್ಚು ಉಪಯೋಗ.

ಕೊನೆಗೊಂದು ಸಣ್ಣ ಕೆಲಸ. ಯಾವ ಭಾಷೆಗೆ ಎಷ್ಟು ಆಟಗಾರರಿದ್ದಾರೆಂದು ತಿಳಿಯಲು ಕಂಪನಿಗೆ ಸುಲಭದ ದಾರಿ ಫೋನಿನ ಭಾಷಾ ಸೆಟ್ಟಿಂಗ್. ನಮ್ಮಲ್ಲಿ ಹೆಚ್ಚಿನವರ ಫೋನು ಇಂಗ್ಲಿಷಿನಲ್ಲಿದೆ. ಸ್ಥಳ ನೋಡಿದರೆ ಕೇರಳ. ಹಾಗಾಗಿ ಕುಂಬಳೆಯ, ಮಂಜೇಶ್ವರದ, ಬದಿಯಡ್ಕದ ಕನ್ನಡ ಆಟಗಾರ ಅವರ ಲೆಕ್ಕದಲ್ಲಿ ಮಲಯಾಳಿಯೋ ಇಂಗ್ಲಿಷಿನವನೋ ಆಗಿರುತ್ತಾನೆ. ಪ್ರತಿನಿಧಿ "ನಾವಿದ್ದೇವೆ" ಎಂದಾಗ ಅತ್ತ ಕೂತವರು ತಮ್ಮ ಕೋಷ್ಟಕ ನೋಡಿ "ಕಾಣುವುದಿಲ್ಲವಲ್ಲ" ಎನ್ನುತ್ತಾರೆ. ಸೆಟ್ಟಿಂಗ್ಸ್‌ಗೆ ಹೋಗಿ, ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಸೇರಿಸಿ ಮೇಲಕ್ಕೆ ಎಳೆದರೆ ಆಯಿತು, ಅರ್ಧ ನಿಮಿಷದ ಕೆಲಸ. ಗೊತ್ತಾಗದವರು ಚಹಾದ ಹೊತ್ತಿಗೆ ಫೋನು ತನ್ನಿ, ಮಾಡಿ ಕೊಡುತ್ತೇನೆ.