ಕೊಂಬೆ ತಾನಾಗಿ ಮೇಲೇರುವುದಿಲ್ಲ

ಅಧ್ಯಕ್ಷರೇ, ನಿವಾಸಿಗಳ ಸಂಘದ ಸದಸ್ಯರೇ,

ಇಂದಿನ ಸಭೆಯ ಮುಂದಿರುವ ಮನವಿ ಏನೆಂಬುದು ನಿಮಗೆಲ್ಲ ಗೊತ್ತಿದೆ. ಮೂರನೇ ಅಡ್ಡರಸ್ತೆಯ ತಿರುವಿನ ಹೊಂಗೆ ಮರವನ್ನು ಬುಡಸಮೇತ ತೆಗೆಸಬೇಕೆಂದು ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ. ಕಳೆದ ಮಳೆಗಾಲದಲ್ಲಿ ಗ್ಯಾಸ್ ಸಿಲಿಂಡರಿನ ಲಾರಿ ಅಲ್ಲಿ ಸಿಕ್ಕಿಕೊಂಡಾಗ ಸುತ್ತ ನಿಂತು ‘ಹಿಂದೆ ಬಾ, ಮುಂದೆ ಹೋಗು’ ಎಂದು ಕೂಗಿದವರಲ್ಲಿ ನಾನೂ ಒಬ್ಬನಾದ್ದರಿಂದ, ಸಹಿ ಹಾಕಿದವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ದಾರಿಗೆ ಅಡ್ಡ ಬಂದಿರುವುದು ಹದಿನೈದು ವರ್ಷ ನಾವು ಸವರದೆ ಬಿಟ್ಟ ಒಂದೇ ಒಂದು ಕೊಂಬೆ.

ಮರ ಬೆಳೆದಂತೆ ಕೆಳಗಿನ ಕೊಂಬೆಯೂ ಮೇಲಕ್ಕೆ ಹೋಗುತ್ತದೆ, ಗೇಟಿನ ಮುಂದಿನ ತೊಂದರೆ ತಾನೇ ಬಗೆಹರಿಯುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಮರ ತುದಿಯಲ್ಲಿ ಎತ್ತರವಾಗುತ್ತದೆ, ಕಾಂಡದಲ್ಲಿ ದಪ್ಪವಾಗುತ್ತದೆ. ಕಾಂಡವೇ ನೆಲದಿಂದ ಎದ್ದು ಬರುವುದಿಲ್ಲ. ಆರಡಿ ಎತ್ತರದಲ್ಲಿ ಹುಟ್ಟಿದ ಕೊಂಬೆಯ ಬುಡ ಅರವತ್ತು ವರ್ಷವಾದರೂ ಆರಡಿಯಲ್ಲೇ ಇರುತ್ತದೆ, ತುದಿ ಮಾತ್ರ ಭಾರಕ್ಕೆ ಬಾಗಿ ಇನ್ನಷ್ಟು ಕೆಳಗಿಳಿಯುತ್ತದೆ. ಹುಡುಗರಾಗಿದ್ದಾಗ ಕಾಂಡಕ್ಕೆ ಮೊಳೆ ಹೊಡೆದವರು ಇಲ್ಲಿದ್ದರೆ ಹೋಗಿ ನೋಡಿ: ಮೊಳೆಯನ್ನು ತೊಗಟೆ ನುಂಗಿರಬಹುದು, ಎತ್ತರ ಅದೇ ಇರುತ್ತದೆ. ಹೊಡೆದವರ ಹೆಸರನ್ನು ನಾನು ಕೇಳುವುದಿಲ್ಲ.

ಇದನ್ನು ನಾನು ಕಲಿತದ್ದು ನನ್ನದೇ ಗೇಟಿನಲ್ಲಿ. 2011ರ ಒಂದು ಮಳೆಯ ರಾತ್ರಿ ಅಪ್ಪನಿಗೆ ಎದೆನೋವು ಬಂದು ಆಂಬ್ಯುಲೆನ್ಸ್ ಕರೆಸಿದೆವು. ನಮ್ಮ ಮನೆಯ ಹೊಂಗೆಯ ಒಂದು ಕೊಂಬೆ, ಒದ್ದೆಯಾಗಿ ಇನ್ನೂ ಜೋತುಬಿದ್ದದ್ದು, ಗಾಡಿಯ ಮೇಲಿನ ಕೆಂಪು ದೀಪಕ್ಕೆ ಸಿಕ್ಕಿಕೊಂಡಿತು. ಚಾಲಕ ಇಳಿದ, ಮೇಲೆ ನೋಡಿದ, ‘ಇಲ್ಲಿಂದ ಒಳಗೆ ಹೋಗಲ್ಲ ಸಾರ್’ ಎಂದ. ಪಕ್ಕದ ಮನೆಯ ಹುಡುಗ ಬಟ್ಟೆ ಒಣಹಾಕುವ ಗಳದಿಂದ ಕೊಂಬೆಯನ್ನು ಎತ್ತಿಹಿಡಿದ. ನಾವು ಅಪ್ಪನನ್ನು ಸ್ಟ್ರೆಚರಿನಲ್ಲಿ ಮಲಗಿಸಿ, ಮುಖಕ್ಕೆ ಕೊಡೆ ಹಿಡಿದು, ನಲವತ್ತು ಹೆಜ್ಜೆ ಹೊತ್ತುಕೊಂಡು ಹೋದೆವು. ಮರುದಿನವೇ ಸಿಟ್ಟಿನಲ್ಲಿ ಮಚ್ಚಿನವನೊಬ್ಬನನ್ನು ಕರೆಸಿದೆ. ಅವನು ಮೇಲಿನಿಂದಷ್ಟೇ ಹೊಡೆದ. ಅರ್ಧ ಕಡಿದಾಗ ಕೊಂಬೆ ತನ್ನ ಭಾರಕ್ಕೇ ಮುರಿದು, ಕಾಂಡದ ತೊಗಟೆಯನ್ನು ಮೂರಡಿ ಉದ್ದಕ್ಕೆ ಸುಲಿದುಕೊಂಡು ಬಿತ್ತು. ವಾರದ ನಂತರ ಮನೆಗೆ ಬಂದ ಅಪ್ಪ ಗೇಟಿನಲ್ಲೇ ನಿಂತು, ‘ತೊಡೆ ಗಾತ್ರ ಆಗೋವರೆಗೂ ಏನ್ ಮಾಡ್ತಿದ್ದೆ? ಬೆರಳ ಗಾತ್ರ ಇದ್ದಾಗ ಕತ್ತರಿಗೇ ಸಿಗ್ತಿತ್ತಲ್ಲೋ’ ಎಂದರು. ಮುಂದಿನ ಯುಗಾದಿಯ ಹೊತ್ತಿಗೆ ಉಳಿದ ಮೋಟಿನಿಂದ ಪೊರಕೆಯಂತೆ ಚಿಗುರೆದ್ದು ಮೊದಲಿಗಿಂತ ಕೆಳಗೆ ಇಳಿಬಿತ್ತು. ಸುಲಿದ ಜಾಗದಲ್ಲಿ ಕೆಲವು ವರ್ಷಗಳಲ್ಲಿ ಅಣಬೆ ಕಾಣಿಸಿತು. ಕೊನೆಗೆ ಮರವೇ ಹೋಯಿತು.

ತೊಡೆ ಗಾತ್ರದ್ದನ್ನು ಕತ್ತರಿಸಲೇಬೇಕಾಗಿ ಬಂದರೆ ಮೂರು ಕೊಯ್ತ ಬೇಕು. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಕಾಲುಭಾಗ ಗರಗಸ ಹಾಕಬೇಕು. ಅದರಿಂದ ತುಸು ಆಚೆ ಮೇಲಿನಿಂದ ಕೊಯ್ದು ಭಾರವನ್ನು ಇಳಿಸಬೇಕು. ಆಮೇಲೆ ಉಳಿದ ಮೋಟನ್ನು ತೆಗೆಯಬೇಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯಂತೆ ಒಂದು ಉಬ್ಬು ಇರುತ್ತದೆ. ಕೊನೆಯ ಕೊಯ್ತ ಅದರ ಹೊರಅಂಚಿಗೆ ಬೀಳಬೇಕು, ಉಬ್ಬಿಗೆ ಗರಗಸ ತಾಗಬಾರದು, ಏಕೆಂದರೆ ಗಾಯವನ್ನು ಮುಚ್ಚುವ ಹೊಸ ತೊಗಟೆ ಹೊರಡುವುದು ಅಲ್ಲಿಂದಲೇ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ, ಮರ ತನ್ನ ಗಾಯವನ್ನು ವಾಸಿಮಾಡಿಕೊಳ್ಳುವುದಿಲ್ಲ, ಗೋಡೆ ಕಟ್ಟಿ ಒಳಗೇ ಮುಚ್ಚಿಡುತ್ತದೆ ಎಂದು ತೋರಿಸಿಕೊಟ್ಟರು. ಗಾಯಕ್ಕೆ ಡಾಂಬರು ಬಳಿಯುವ ನಮ್ಮ ಅಭ್ಯಾಸದಿಂದ ಮರಕ್ಕೆ ಲಾಭವಿಲ್ಲ, ಡಾಂಬರು ಮಾರುವವನಿಗೆ ಇರಬಹುದು. ಬೆರಳ ಗಾತ್ರದ ಗಾಯವಾದರೆ ಒಂದೆರಡು ವರ್ಷದಲ್ಲಿ ಗುರುತೂ ಉಳಿಯದಂತೆ ಮುಚ್ಚಿಕೊಳ್ಳುತ್ತದೆ. ಅಪ್ಪ ಹೇಳಿದ್ದೂ ಅದನ್ನೇ.

ಕಾನೂನಿನ ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ‘ಕಡಿಯುವುದು’ ಎಂಬ ಮಾತಿಗೆ ಕೊಂಬೆಗಳನ್ನು ತರಿಯುವುದೂ ತೊಗಟೆಯನ್ನು ಸುತ್ತ ಸುಲಿಯುವುದೂ ಸೇರಿವೆ. ಆದ್ದರಿಂದ ಮರ ನಮ್ಮ ಕಾಂಪೌಂಡಿನೊಳಗೇ ಇದ್ದರೂ, ದೊಡ್ಡ ಕೊಂಬೆಗೆ ಕೈಹಾಕುವ ಮೊದಲು ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. 2011ರಲ್ಲಿ ನಾನು ಕೊಟ್ಟಿರಲಿಲ್ಲ ಎಂಬುದನ್ನು ಕಾರ್ಯದರ್ಶಿಗಳು ನಡಾವಳಿಯಲ್ಲಿ ಬರೆದುಕೊಳ್ಳದಿದ್ದರೆ ಉಪಕಾರ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಉಳಿದದ್ದನ್ನು ಓಡಿಸುತ್ತೇನೆ. ಒಂದು ವರ್ಷದಲ್ಲಿ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ತಂತಿಯ ಕಡೆ ಮಾತ್ರ ಬೋಳಿಸಿದರೆ ಮರ ಒಂದು ಪಕ್ಕಕ್ಕೆ ತೂಗಿ, ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಉರುಳುತ್ತದೆ. ಗೂಡಿದ್ದರೆ ಮರಿಗಳು ಹಾರುವ ತನಕ ಕಾಯಿರಿ. ಹೊಸದಾಗಿ ನೆಡುವವರಿಗೆ ಒಂದು ಮಾತು: 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕೃಂಬಿಗಲ್ ಅವರು ವರ್ಷವಿಡೀ ಒಂದಲ್ಲ ಒಂದು ಬೀದಿಯಲ್ಲಿ ಹೂ ಇರುವಂತೆ ಮರಗಳನ್ನು ಆಯ್ದರು, 30 ಅಡಿ ರಸ್ತೆಗೆ ಅದರ ಮೂರು ಪಟ್ಟು ಹರಡಬಲ್ಲ ಮಳೆಮರವನ್ನು ಆಯ್ದವರು ನಾವು. ಬೇರು ಮತ್ತು ಕಾಂಕ್ರೀಟಿನ ವಿಷಯವನ್ನು ಬಿಟ್ಟೇಬಿಡುತ್ತೇನೆ.

ಮನವಿಯನ್ನು ಮತಕ್ಕೆ ಹಾಕುವ ಮೊದಲು ಒಂದು ಕೋರಿಕೆಯಿದೆ. ಹದಿನೈದು ಅಡಿಯ ಬಿದಿರಿನ ಗಳವೊಂದಕ್ಕೆ ಅಡಿ ಅಡಿಗೂ ಸುಣ್ಣದ ಗುರುತು ಹಾಕಿ ಬಾಗಿಲ ಹೊರಗೆ ಒರಗಿಸಿದ್ದೇನೆ. ಕಾಫಿ ಮುಗಿಸಿ ಎಲ್ಲರೂ ಮೂರನೇ ಅಡ್ಡರಸ್ತೆಗೆ ಬನ್ನಿ, ಆ ಕೊಂಬೆ ಎಷ್ಟನೇ ಗುರುತಿಗೆ ತಾಗುತ್ತದೆ ಎಂದು ನೋಡಿಕೊಂಡು ಬಂದು ಕೈ ಎತ್ತೋಣ.