ಆಕರಗಳ ಸಂಗ್ರಹವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ

ಕೇಳುಗರಿಗೆ ನಮಸ್ಕಾರ.

ಪಿಎಚ್.ಡಿ. ಪ್ರಬಂಧಕ್ಕೋ ಸಂಶೋಧನ ಲೇಖನಕ್ಕೋ ಆಕರಗಳನ್ನು ಕಲೆಹಾಕುವವರು ಹಿಂದೆ ಕಾರ್ಡುಗಳಲ್ಲಿ ಬರೆದಿಡುತ್ತಿದ್ದುದನ್ನು ಈಗ ಜೊಟೆರೊ, ಮೆಂಡಲೇ, ಎಂಡ್‌ನೋಟ್, ಜಾಬ್‌ರೆಫ್ ಮೊದಲಾದ ತಂತ್ರಾಂಶಗಳಲ್ಲಿ ಇಟ್ಟುಕೊಳ್ಳುತ್ತಾರೆ. ಸಂಸ್ಥೆ ಕೊಂಡಿದ್ದ ಪರವಾನಗಿ ಮುಗಿದಾಗ, ಅಥವಾ ಮಾರ್ಗದರ್ಶಕರು ಒಂದನ್ನೂ ವಿದ್ಯಾರ್ಥಿಗಳು ಮತ್ತೊಂದನ್ನೂ ಬಳಸುತ್ತಿರುವಾಗ, ವರ್ಷಗಳ ಸಂಗ್ರಹವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಬೇಕಾಗುತ್ತದೆ. ಕನ್ನಡದ ಆಕರಗಳನ್ನು ಹೀಗೆ ಸಾಗಿಸುವಾಗ ಎಲ್ಲಿ ಎಚ್ಚರವಾಗಿರಬೇಕು ಎಂಬುದೇ ಇಂದಿನ ಮಾತು.

ಈ ವಿನಿಮಯಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವ ಕಡತ ವಿನ್ಯಾಸಗಳು ಎರಡು. ಮೊದಲನೆಯದು ಬಿಬ್‌ಟೆಕ್, ಲೆಸ್ಲಿ ಲ್ಯಾಂಪೋರ್ಟ್ ಅವರ ಲೇಟೆಕ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶದ ಜೊತೆಯಲ್ಲಿ ಬಳಸಲೆಂದು ಓರೆನ್ ಪತಾಶ್ನಿಕ್ 1985ರಲ್ಲಿ ರೂಪಿಸಿದ್ದು. ಎರಡನೆಯದು ಆರ್‌ಐಎಸ್, ಇದು ರೆಫರೆನ್ಸ್ ಮ್ಯಾನೇಜರ್ ಎಂಬ ತಂತ್ರಾಂಶದೊಡನೆ ಹುಟ್ಟಿತು. ಆ ತಂತ್ರಾಂಶ ಈಗ ಮಾರಾಟದಲ್ಲಿಲ್ಲವಾದರೂ ಅದರ ವಿನ್ಯಾಸ ಮಾತ್ರ ಎಲ್ಲೆಡೆ ಉಳಿದುಕೊಂಡಿದೆ. ಎರಡೂ ಸಾದಾ ಪಠ್ಯದ ಕಡತಗಳೇ. ಯಾವುದೇ ಸಾಮಾನ್ಯ ಎಡಿಟರಿನಲ್ಲಿ ತೆರೆದು ಕಣ್ಣಿನಿಂದ ಓದಬಹುದು. ಇದನ್ನು ನಾನು ದೊಡ್ಡ ಅನುಕೂಲವೆಂದು ಎಣಿಸುತ್ತೇನೆ, ಏಕೆಂದರೆ ದೋಷ ಎಲ್ಲಿ ನುಸುಳಿತು ಎಂಬುದನ್ನು ತಂತ್ರಜ್ಞರ ನೆರವಿಲ್ಲದೆ ನಾವೇ ಪತ್ತೆಹಚ್ಚಬಹುದು.

ಅತಿ ಹೆಚ್ಚು ಕೆಡುವುದು ಲೇಖಕರ ಹೆಸರು. ಬಿಬ್‌ಟೆಕ್‌ನಲ್ಲಿ ಹೆಸರಿನ ನಡುವೆ ಅಲ್ಪವಿರಾಮ ಇಲ್ಲದಿದ್ದರೆ ಕೊನೆಯ ಪದವನ್ನೇ ಕುಲನಾಮವೆಂದು ಭಾವಿಸಲಾಗುತ್ತದೆ. ಡಿ. ವಿ. ಗುಂಡಪ್ಪ ಎಂದು ಬರೆದರೆ ಗುಂಡಪ್ಪ ಎಂಬುದು ಕುಲನಾಮದ ಸ್ಥಾನಕ್ಕೆ ಹೋಗುತ್ತದೆ. ಅದು ಕುಲನಾಮವಲ್ಲದಿದ್ದರೂ ನಮ್ಮ ಗ್ರಂಥಸೂಚಿಯ ಪದ್ಧತಿಗೆ ಹೊಂದುತ್ತದೆ. ಆದರೆ ನಮ್ಮಲ್ಲಿ ಅನೇಕರು ಬರೆಯುವಂತೆ ಅಲ್ಪವಿರಾಮವಿಲ್ಲದೆ ಗುಂಡಪ್ಪ ಡಿ. ವಿ. ಎಂದು ತುಂಬಿದ್ದರೆ ಕೊನೆಯ ‘ವಿ.’ ಎಂಬ ಒಂದಕ್ಷರವೇ ಕುಲನಾಮವಾಗಿ, ಆ ಗ್ರಂಥ ಅಕಾರಾದಿಯಲ್ಲಿ ವಕಾರದ ಕೆಳಗೆ ಹೋಗಿ ಕೂರುತ್ತದೆ. ಗುಂಡಪ್ಪ ಎಂಬುದರ ನಂತರ ಅಲ್ಪವಿರಾಮ ಹಾಕಿದರೆ ಈ ದೋಷ ಬರುವುದಿಲ್ಲ.

ಸಂಸ್ಥೆಯೇ ಲೇಖಕನಾದಾಗ ಅದೇ ಅಲ್ಪವಿರಾಮ ತೊಂದರೆಯಾಗುತ್ತದೆ. ಕನ್ನಡ ವಿಶ್ವವಿದ್ಯಾಲಯ, ಹಂಪಿ ಎಂದು ಬರೆದರೆ ಹಂಪಿ ಎಂಬುದು ಒಬ್ಬ ವ್ಯಕ್ತಿಯ ಹೆಸರಾಗಿ ಓದಿಕೊಳ್ಳುತ್ತದೆ. ಊರಿನ ಹೆಸರನ್ನು ಪ್ರಕಾಶನ ಸ್ಥಳದ ಅಂಕಣಕ್ಕೆ ಒಯ್ಯುವುದೇ ಸರಿ. ಇಂಗ್ಲಿಷಿನಲ್ಲಿ ಇನ್ನೊಂದು ತೊಡಕಿದೆ. ‘ಆ್ಯಂಡ್’ ಎಂಬ ಪದ ಬಿಬ್‌ಟೆಕ್‌ನಲ್ಲಿ ಇಬ್ಬರು ಲೇಖಕರನ್ನು ಬೇರ್ಪಡಿಸುವ ಗುರುತಾದ್ದರಿಂದ, ಮಿನಿಸ್ಟ್ರಿ ಆಫ್ ಹೆಲ್ತ್ ಆ್ಯಂಡ್ ಫ್ಯಾಮಿಲಿ ವೆಲ್ಫೇರ್ ಎಂಬ ಒಂದೇ ಸಚಿವಾಲಯ ಇಬ್ಬರು ಲೇಖಕರಾಗಿ ಒಡೆದುಹೋಗುತ್ತದೆ. ಇಡೀ ಹೆಸರನ್ನು ಎರಡು ಜೊತೆ ಪುಷ್ಪಾವರಣದೊಳಗೆ ಇಟ್ಟರೆ ಅದು ಒಡೆಯದೆ ಉಳಿಯುತ್ತದೆ. ಎಂಡ್‌ನೋಟ್‌ನಲ್ಲಾದರೆ ಸಂಸ್ಥೆಯ ಹೆಸರಿನ ಕೊನೆಗೆ ಒಂದು ಅಲ್ಪವಿರಾಮ ಸೇರಿಸುವುದು ರೂಢಿ.

ಹಳೆಯ ಸಂಗ್ರಹಗಳಲ್ಲಿ ಲಿಪಿಯದೇ ಸಮಸ್ಯೆ. ಪ್ರತಿ ಲಿಪಿಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್‌ಗೆ ಮುಂಚಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಸಾದಾ ಪಠ್ಯದ ಕಡತ ಫಾಂಟನ್ನು ಜೊತೆಯಲ್ಲಿ ಒಯ್ಯುವುದಿಲ್ಲವಾದ್ದರಿಂದ, ಹೊಸ ತಂತ್ರಾಂಶದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು ಕಾಣಿಸುತ್ತವೆ. ಇಂತಹ ಪಠ್ಯವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿ, ಕಡತವನ್ನು ಯುಟಿಎಫ್-8 ಎಂಬ ಯುನಿಕೋಡ್ ರೂಪದಲ್ಲಿ ಉಳಿಸಿ, ಅನಂತರವೇ ಸಾಗಿಸಬೇಕು.

ಶಾಸನಗಳನ್ನು ಬಳಸುವ ಇತಿಹಾಸಕಾರರಿಗೆ ಮತ್ತೊಂದು ಕಷ್ಟವಿದೆ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳಿವೆ. ಆ ಸಂಖ್ಯೆಗೆ ಪುಸ್ತಕದ ದಾಖಲೆಯಲ್ಲಿ ಪ್ರತ್ಯೇಕ ಅಂಕಣವಿಲ್ಲದ ಕಾರಣ ಅನೇಕರು ಅದನ್ನು ಟಿಪ್ಪಣಿಯಲ್ಲಿ ಬರೆದಿಡುತ್ತಾರೆ. ಆರ್‌ಐಎಸ್ ಮೂಲಕ ಜೊಟೆರೊಗೆ ಬಂದಾಗ ಅದು ಆಕರಕ್ಕೆ ಲಗತ್ತಿಸಿದ ಬೇರೆಯೇ ಟಿಪ್ಪಣಿಯಾಗಿ ನಿಲ್ಲುತ್ತದೆ; ಪ್ರಬಂಧದ ಅಡಿಟಿಪ್ಪಣಿಯಲ್ಲಿ ಮೂಡುವುದಿಲ್ಲ. ಶಾಸನ ಸಂಖ್ಯೆಯಿಲ್ಲದ ಉಲ್ಲೇಖದಿಂದ ಓದುಗರಿಗೆ ಏನೂ ಪ್ರಯೋಜನವಿಲ್ಲ. ಆದ್ದರಿಂದ ಪ್ರತಿಯೊಂದು ಶಾಸನವನ್ನೂ ಗ್ರಂಥದ ಅಧ್ಯಾಯವೆಂದು ದಾಖಲಿಸಿ, ತಾಲ್ಲೂಕು ಮತ್ತು ಸಂಖ್ಯೆಯನ್ನು ಶೀರ್ಷಿಕೆಯಲ್ಲೇ ಬರೆಯುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಶೀರ್ಷಿಕೆಗೆ ಎಲ್ಲ ತಂತ್ರಾಂಶಗಳಲ್ಲೂ ಸ್ಥಾನವಿದೆ.

ಸಾಗಿಸುವ ಮೊದಲು ಹಳೆಯ ಸಂಗ್ರಹದ ಪೂರ್ಣ ಪ್ರತಿಯೊಂದನ್ನು ತೆಗೆದಿಡಿ. ಬಳಿಕ ಪುಸ್ತಕ, ಲೇಖನ, ಪ್ರಬಂಧ, ಪತ್ರಿಕಾ ಬರಹ ಹೀಗೆ ಬಗೆಬಗೆಯ ಕೆಲವೇ ಆಕರಗಳನ್ನು ಕಳುಹಿಸಿ, ಎರಡೂ ಕಡೆಯ ದಾಖಲೆಗಳನ್ನು ಅಂಕಣ ಅಂಕಣವಾಗಿ ಹೋಲಿಸಿ. ಪಿಡಿಎಫ್‌ಗಳೂ ನೀವು ಮಾಡಿಕೊಂಡ ವಿಷಯವಾರು ವಿಂಗಡಣೆಯೂ ಈ ಕಡತಗಳ ಮೂಲಕ ಸಾಮಾನ್ಯವಾಗಿ ಪೂರ್ತಿಯಾಗಿ ಬರುವುದಿಲ್ಲ.

ಪ್ರಬಂಧ ಈಗಾಗಲೇ ಅರ್ಧ ಬರೆದಾಗಿದ್ದರೆ ಇನ್ನೊಂದು ವಿಷಯವನ್ನು ಗಮನಿಸಬೇಕು. ವರ್ಡ್ ಕಡತದೊಳಗೆ ಸೇರಿಸಿರುವ ಉಲ್ಲೇಖಗಳು ಹಳೆಯ ಸಂಗ್ರಹದ ದಾಖಲೆಗಳಿಗೆ ಕೊಂಡಿ ಹೊಂದಿರುತ್ತವೆ. ಆಕರಗಳು ಹೊಸ ತಂತ್ರಾಂಶಕ್ಕೆ ಬಂದ ಮಾತ್ರಕ್ಕೆ ಆ ಕೊಂಡಿಗಳು ತಾವಾಗಿ ಬರುವುದಿಲ್ಲ. ಲೇಟೆಕ್ ಬಳಸುವವರಿಗೂ, ಸಾಗಿಸುವಾಗ ಉಲ್ಲೇಖದ ಕೀಲಿಪದಗಳು, ಅಂದರೆ ಪ್ರತಿ ಆಕರವನ್ನು ಗುರುತಿಸಲು ಕೊಟ್ಟ ಚಿಕ್ಕ ಹೆಸರುಗಳು, ಬದಲಾದರೆ, ಅಚ್ಚಾದ ಪುಟದಲ್ಲಿ ಉಲ್ಲೇಖದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕಾಣಿಸುತ್ತವೆ. ಅರ್ಧ ಬರೆದಿರುವವರು ಕೈಯಲ್ಲಿರುವ ಪ್ರಬಂಧವನ್ನು ಹಳೆಯ ತಂತ್ರಾಂಶದಲ್ಲೇ ಮುಗಿಸಿ ಸಲ್ಲಿಸಿ, ಮುಂದಿನ ಬರವಣಿಗೆಯಿಂದ ಹೊಸದನ್ನು ಬಳಸಲಿ. ನಮಸ್ಕಾರ.